ಎಡಗಡೆಯ ಬಾಗಿಲು

ಶಂಭುಲಿಂಗಪ್ಪನನ್ನು ಅವನದೇ ಮೋಟಾರಿನ ಹಿಂದಿನ ಸೀಟಿಗೆ ಎತ್ತಿ ಕೂರಿಸಬೇಕೆನ್ನುವಷ್ಟರಲ್ಲಿ ಎಡಗಡೆಯ ಬಾಗಿಲು ಕೀಲಿನಿಂದ ಕಳಚಿ ತಮ್ಮ ಅಂಬಣ್ಣನ ಕಾಲ ಮೇಲೆ ಬಿತ್ತು.

"ಸತ್ತೆನೋ ಯವ್ವಾ!" ಎಂದ ಅಂಬಣ್ಣ ತಟ್ಟನೆ ನಾಲಿಗೆ ಕಚ್ಚಿಕೊಂಡ. "ವೈನಿ, ಮಸರಕಲ್ಲಾಗ ಕುಣಿ ತೋಡ್ಯಾರ. ಹೊತ್ತು ಮುಳುಗೂದ್ರೊಳಗ ಮುಟ್ಟಬೇಕು. ಬಾಗಲ ಇಲ್ದ ಹೆಂಗ ಕುಂದರಸೋದು? ಮೊದಲ್ನೇ ತಿರುವಿಗೇ ಹೊರಗ ಬೀಳ್ತಾನ. ಮಲಗಿಸ್ಕೊಂಡು ಹೋಗೂಣೇನು?"

"ಮಲಗಿಸೂದಾ?" ಚನ್ನಮಲ್ಲಮ್ಮ ಗಂಡನ ಕಡೆ ನೋಡಿದಳು. ನಸುಕಿನಲ್ಲಿ ಜೀವ ಹೋದಕೂಡಲೇ ಗೋಡೆಗೆ ಒರಗಿಸಿ, ಗಲ್ಲ ಕಟ್ಟಿ, ವಿಭೂತಿ ಬಳಿದು ಕೂರಿಸಿದ್ದರು. ಮೈ ಹಾಗೆಯೇ ಸೆಟೆದಿತ್ತು. "ನಮ್ಮ ಮಂದ್ಯಾಗ ಮಣ್ಣಿಗೆ ಹೋಗಾವ್ರು ಕುಂತೇ ಹೋಗ್ತಾರ. ಮುರದು ಮಲಗಸ್ತೀಯೇನು ನಿಮ್ಮಣ್ಣನ್ನ?"

ಬಸ್ಸಿನವರು ಹೆಣ ಹತ್ತಿಸುವುದಿಲ್ಲ. ಚಕ್ಕಡಿಯಲ್ಲಿ ಹೋದರೆ ದಾರಿಯಲ್ಲೇ ಕತ್ತಲಾಗುತ್ತದೆ. ಜರ್ಮನಿಯ ಲಡಾಯಿ ಶುರುವಾದಾಗಿನಿಂದ ಹೊಸ ಸಾಮಾನಂತೂ ಊರಿಗೇ ಬರುತ್ತಿರಲಿಲ್ಲ. ಬಿದ್ದ ಬಾಗಿಲಿನ ಅಂಚು ಕೊಳೆತಿತ್ತು, ಮತ್ತೆ ಕೂರುವಂತಿರಲಿಲ್ಲ. ಅಂಥ ಬಾಗಿಲು ಇಡೀ ರಾಯಚೂರಿನಲ್ಲಿ ಇದ್ದದ್ದು ಗುಜರಿಯ ಸತ್ತಾರ್ ಸಾಬನ ಹತ್ತಿರ ಮಾತ್ರ. ಅವನಿಗೂ ಶಂಭುಲಿಂಗಪ್ಪನಿಗೂ ಮಾತು ಬಿಟ್ಟು ಎರಡು ವರ್ಷವಾಗಿತ್ತು.

*

ಮಾನ್ವಿಯ ಸಾಹುಕಾರರ ಕೆಟ್ಟುನಿಂತ ಮೋಟಾರನ್ನು ಸತ್ತಾರ್ ಕೊಂಡಿದ್ದ. ಅದೂ ಶಂಭುಲಿಂಗಪ್ಪನದೂ ಒಂದೇ ಜಾತಿ, ಒಂದೆರಡು ವರ್ಷದ ಹಿರಿಕಿರಿ ಅಷ್ಟೇ. ಬಾಗಿಲೊಂದನ್ನೇ ಕೊಡು ಎಂದು ಶಂಭುಲಿಂಗಪ್ಪ ಹೋದರೆ, "ಬಾಗಲ ಕಿತ್ತುಕೊಟ್ರ ಉಳಿದದ್ದನ್ನ ಯಾರು ಕೇಳ್ತಾರ? ಪೂರಾ ಗಾಡಿ ತೊಗೋ," ಎಂದುಬಿಟ್ಟಿದ್ದ ಸತ್ತಾರ್. ನಿಂತಿದ್ದ ಮಂದಿಯೆಲ್ಲ ನಕ್ಕರು.

"ನನಗ್ಯಾಕ ನಿನ್ನ ಬಾಗಲ? ನನ್ನ ಹೆಂಡತಿ ಅದಾಳ!" ಎಂದು ಬಂದವನೇ ಸಡಿಲಾದ ಬಾಗಿಲಿಗೆ ಹಗ್ಗ ಕಟ್ಟಿದ. ಬಾಡಿಗೆಯವರು ಹಿಡಿದು ಕೂತಾರೆಯೇ? ದೇವದುರ್ಗದ ಬಾಡಿಗೆ ಬಂದಾಗಲೆಲ್ಲ ಅವಳೂ ಹಿಂದೆ ಹತ್ತಿ ಹಗ್ಗ ಜಗ್ಗಿ ಹಿಡಿಯಬೇಕು. ತಿರುವು ಬಂದಾಗಲೆಲ್ಲ ಮುಂದಿನಿಂದ ಅವನ ದನಿ.

"ಹಿಡದೀಯೇನ?"

"ಹಿಡದೀನ್ರಿ."

ಅಂಗೈ ಜಡ್ಡುಗಟ್ಟಿತು. ಈ ಮನುಷ್ಯನ ಹಟಕ್ಕೆ ಬೆಂಕಿ ಬೀಳಲಿ ಎಂದು ಎಷ್ಟು ಸಲ ಶಪಿಸಿದ್ದಳೋ!

*

"ಸಾಬ್ರ, ನಿಮ್ಮ ಕಾಲ ಹಿಡಕೊಂತೀನಿ. ಆ ಬಾಗಲ ನನಗ ಮಾರ್ರಿ."

ಸತ್ತಾರ್ ಸಾಬ್ ತಲೆ ಅಲ್ಲಾಡಿಸಿದ. "ಮಾರೂದು ಆಗಂಗಿಲ್ಲವ್ವಾ."

"ಸತ್ತವ್ರ ಮ್ಯಾಲೂ ಸಿಟ್ಟೇನ್ರಿ?"

"ಅದು ಆಗಲೇ ಮಾರಿ ಹೋಗ್ಯಾದ. ತೊಗೊಂಡವ ನಿನ್ನ ಗಂಡನ." ಸತ್ತಾರ್ ಗುಜರಿಯ ಮೂಲೆಗೆ ಕೈ ತೋರಿಸಿದ. "ಹೋದ ವಾರ ತಾನ ಬಂದ. 'ಆಕಿ ಅಂಗೈ ನೋಡಿದೆ ಸತ್ತಾರ್, ಉಣ್ಣಾಕ ಮನಸಾಗವಲ್ದು' ಅಂದ. ಬಣ್ಣ ಹಚ್ಚಿಡು, ಆಕಿಗೆ ಹೇಳಬ್ಯಾಡ ಅಂದ."

ಚನ್ನಮಲ್ಲಮ್ಮ ತನ್ನ ಅಂಗೈ ನೋಡಿಕೊಂಡಳು. ಆದರೆ ಅಳುತ್ತ ಕೂರಲು ಹೊತ್ತಿರಲಿಲ್ಲ.

ಬಾಗಿಲು ಕರ್ರಗೆ ಹೊಳೆಯುತ್ತ ಮನೆ ಮುಂದೆ ಬಂತು. ಇಟ್ಟು ನೋಡಿದರೆ ಒಂದು ಬೆರಳು ಅಗಲ ಹೆಚ್ಚು!

"ಇದ್ಹೆಂಗ?" ಸತ್ತಾರ್ ಬೆವರೊರೆಸಿಕೊಂಡ. "ನಿನ್ನ ಗಂಡ ಬಾಗಲದ ಅಗಲಕ್ಕ ಇದೇ ಹಗ್ಗಕ್ಕ ಎರಡು ಗಂಟು ಹಾಕ್ಕೊಂಡು ಅಳತಿ ತಂದಿದ್ನಲ್ಲ. ಗಂಟಿಂದ ಗಂಟಿಗೆ ಸರಿ ಹೊಂದಿತ್ತು."

ಗಂಟು! ಹೋದ ವಾರ ಹಗ್ಗದಲ್ಲಿ ಹೊಸ ಗಂಟು ಕಂಡು, ಅಂಗೈಗೆ ಒತ್ತುತ್ತದೆಂದು ಬೈಯುತ್ತ ಬಿಚ್ಚಿ, ಒಂದಿಷ್ಟು ಆಚೆ ಸರಿಸಿ ಕಟ್ಟಿದವಳು ತಾನೇ. "ನನ್ನ ಕೈ ಸೇದ್ಹೋಗಲಿ! ನಾನ ಸರಿಸೀನ್ರಿ ಅದನ್ನ," ಎಂದು ಹಣೆ ಚಚ್ಚಿಕೊಂಡಳು.

"ಸುಮ್ನಿರವ್ವಾ. ಅಂಚಿನ್ಯಾಗ ಕಟ್ಟಿಗಿ ಅದ, ಹೆರದ್ರ ಆತು."

ತಗಡು ಬಿಚ್ಚಿ, ಉಜ್ಜುಗೊರಡು ಹಿಡಿದು ಸತ್ತಾರ್ ಹೆರೆಯತೊಡಗಿದ. ನೆರಳು ಉದ್ದವಾಗುತ್ತಿತ್ತು. "ಹೊತ್ತು ಇಳಿಯಾಕತ್ತದ ಸಾಬ್ರ," ಎಂದು ಅಂಬಣ್ಣ ಒಂದೇ ಸಮನೆ ಗೊಣಗಿದ. ಇಟ್ಟು ನೋಡಿದರು, ಅಂಚು ಸಿಕ್ಕಿಕೊಂಡಿತು. ಮತ್ತೆ ಹೆರೆದರು, ಇನ್ನೂ ಸಿಕ್ಕಿಕೊಂಡಿತು. ಕೊನೆಗೆ ಸತ್ತಾರ್ ಹೆಗಲು ಕೊಟ್ಟು ನೂಕಿದಾಗ ಚಿಲಕ ಟಕ್ಕೆಂದು ಬಿತ್ತು.

"ನಾನ ಹೊಡೀತೀನಿ ಗಾಡಿ," ಎಂದು ಸತ್ತಾರನೇ ಮುಂದೆ ಕೂತ. ಅಂಬಣ್ಣ ಅವನ ಪಕ್ಕಕ್ಕೆ ಹತ್ತಿದ. ಹಿಂದೆ, ಹೊಸ ಬಾಗಿಲಿಗೆ ಆತು ಶಂಭುಲಿಂಗಪ್ಪ ನೆಟ್ಟಗೆ ಕೂತಿದ್ದ, ಮಗ್ಗುಲಲ್ಲಿ ಚನ್ನಮಲ್ಲಮ್ಮ. ಮೊದಲ ಸಲ ಅವಳ ಕೈಯಲ್ಲಿ ಹಗ್ಗವಿರಲಿಲ್ಲ. ಕೈಯನ್ನು ಎಲ್ಲಿಡಬೇಕೆಂದೇ ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಳು.

ಮಸರಕಲ್ಲಿನ ತಿರುವಿಗೆ ಬಂದಾಗ ಸೂರ್ಯ ಇನ್ನೂ ಒಂದಿಷ್ಟು ಮೇಲಿದ್ದ. ಮೋಟಾರು ವಾಲಿತು. ಬಾಗಿಲು ಮಿಸುಕಲಿಲ್ಲ. ಶಂಭುಲಿಂಗಪ್ಪ ಮಾತ್ರ ನಿಧಾನಕ್ಕೆ ವಾಲಿ ಅವಳ ಹೆಗಲಿಗೆ ಬಂದ. ಜಡ್ಡುಗಟ್ಟಿದ ಕೈ ತಾನಾಗಿ ಹೋಗಿ ಅವನ ರಟ್ಟೆಯನ್ನು ಬಿಗಿಯಾಗಿ ಹಿಡಿಯಿತು. ಯಾರೂ ಏನೂ ಕೇಳಿರಲಿಲ್ಲ.

"ಹಿಡದೀನ್ರಿ," ಎಂದಳು.