ಗೋಣಿಚೀಲದಡಿಯ ಜಿಪಿಎಸ್

ಕಡಲಿಗಿಳಿಯದವನು ಕಡಲಿನ ಕತೆ ಹೇಳುವುದೇ ಅಧಿಕಪ್ರಸಂಗ. ಇದರಲ್ಲಿ ರಾಕೆಟ್ಟೂ ಬರುತ್ತದೆ. ತಪ್ಪು ಕಂಡರೆ ತಿಳಿದವರು ದಯವಿಟ್ಟು ತಿದ್ದಿಕೊಂಡು ಓದಬೇಕು.

ಕೋಡಿಯ ಕಮಲಾಕ್ಷನಿಗೆ ಅವನ ಅಪ್ಪಯ್ಯ ಬಿಟ್ಟುಹೋದದ್ದು ಒಂದು ದೋಣಿ, ಕಡಲೊಳಗೆ ಒಂದು ಕಲ್ಲು. ನೀರಿನಡಿಯ ಆ ಕಲ್ಲಿನ ಸುತ್ತ ಮುರು ಮೀನು ಸೇರುತ್ತಿತ್ತು. ಜಾಗ ಅವನೊಬ್ಬನಿಗೇ ಗೊತ್ತು. ಯಾರೂ ಹಿಂದೆ ಬರಬಾರದೆಂದು ಮೊದಲು ಬಡಗು ದಿಕ್ಕಿಗೆ, ಗಂಗೊಳ್ಳಿ ಕಡೆ ಹೊರಟು, ಉಳಿದ ದೋಣಿಗಳು ಮರೆಯಾದ ಮೇಲೆ ತೆಂಕಿಗೆ ತಿರುಗುತ್ತಿದ್ದ. ಜಿಪಿಎಸ್ ಕೊಂಡ ಮೇಲೆ ಇನ್ನೊಂದು ಕಟ್ಟಳೆ ಸೇರಿತು: ಕಲ್ಲು ಹತ್ತಿರವಾಗುತ್ತಲೇ ಅದನ್ನು ಆರಿಸಿ, ಮೇಲೊಂದು ಗೋಣಿಚೀಲ ಮುಚ್ಚುವುದು. ಆಕಾಶದಿಂದ ನೋಡಿದವರು ಊರಿಗೆಲ್ಲ ಹೇಳಿಬಿಟ್ಟರೆ?

ಹೀಗಿರುವಾಗ ದಿಕ್ಕು ತೋರಿಸುವ ಹೊಸ ಉಪಗ್ರಹಗಳನ್ನು ಹೊತ್ತ ರಾಕೆಟ್ ಹಾರುವ ದಿನ ಬಂತು. ಕುಂದಾಪುರದ ಕಾಲೇಜಿನಲ್ಲಿ ಓದುವ ಮಗಳು ಸಿಂಚನಾ ಬಲೆ ಚಪ್ಪರದ ಕಂಬಕ್ಕೆ ಮೊಬೈಲ್ ಒರಗಿಸಿಟ್ಟಳು. ಪಕ್ಕದ ಮನೆಯ ಮುತ್ತು ಬಲೆಯ ಹರಕು ಕಟ್ಟುತ್ತ ಅಲ್ಲೇ ಕುಳಿತಿದ್ದ. ಕಮಲಾಕ್ಷನ ಕಲ್ಲಿನ ಮೇಲೆ ಬಹಳ ಕಾಲದಿಂದ ಕಣ್ಣಿಟ್ಟವನು ಅವನೇ.

“ಹ್ವಾಯ್ ಕಮಲಾಕ್ಷಣ್ಣ, ಇನ್ನ್ ನಿಮ್ಮ್ ಗೋಣಿಚೀಲ ಸಾಕಾತಿಲ್ಲೆ. ಟರ್ಪಾಲ್ ತಕಣಿ.”

“ನೀ ಬಲೆ ಕಟ್ಟ್ ಮರಾಯ.”

ರಾಕೆಟ್ ಬೆಂಕಿಯುಗುಳುತ್ತ ಎದ್ದಿತು. ಮುತ್ತುವಿನ ಸೂಜಿಯೂ ನಿಂತಿತು. ಕಮಲಾಕ್ಷನಿಗೆ ಮಾತ್ರ ದೇವರಲ್ಲಿ ಏನು ಬೇಡಬೇಕೆಂದೇ ತಿಳಿಯಲಿಲ್ಲ. ಬೀಳಲಿ ಎನ್ನುವಷ್ಟು ಕೆಟ್ಟವನಲ್ಲ. ಏರಲಿ ಎನ್ನಲು ಬಾಯಿ ಬಾರದು. ಉಪಗ್ರಹಗಳು ಕಕ್ಷೆ ಸೇರಿದವೆಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ, ಸದ್ದಾಗದ ಹಾಗೆ.

ಸಿಂಚನಾ ಅವನ ಮುಖ ನೋಡಿ ನಕ್ಕಳು. “ಅಪ್ಪಯ್ಯ, ಅದ್ ನಿಮ್ಮನ್ನ್ ಕಾಂತಿಲ್ಲೆ. ನಮ್ಮ್ ಲೈಟ್‌ಹೌಸ್ ಇದ್ದಂಗೆ. ಅದ್ ಬೆಳ್ಕ್ ಬಿಡತ್ತ್, ಅಷ್ಟೇ. ಯಾವ್ ದೋಣಿ ಎಲ್ಲಿತ್ತ್ ಅಂದೇಳಿ ಲೈಟ್‌ಹೌಸಿಗ್ ಗೊತ್ತಿತ್ತಾ?”

“ಅಷ್ಟೇಯಾ?”

“ಅಷ್ಟೇ. ಲೆಕ್ಕ ಎಲ್ಲ ನಿಮ್ಮ್ ಪೆಟ್ಟಿಗೆಯೇ ಮಾಡುದ್.”

ಎದೆಯ ಮೇಲಿನ ಕಲ್ಲು ಇಳಿದಂತಾಗಿ ಕಮಲಾಕ್ಷ ತೊಡೆ ತಟ್ಟಿಕೊಂಡ. “ಅಪ್ಪಯ್ಯ ನಂಗ್ ಹೇಳ್ಕೊಟ್ಟದ್ದೂ ಇದೇ ಅಲ್ದಾ! ಲೈಟ್‌ಹೌಸಿನ್ ತಲಿ ಮೇಲ್ ಕೊಡಚಾದ್ರಿ ಕೂತಂಗ್ ಕಾಣ್ಕ್, ಬೀಜಾಡಿ ಬದಿ ಎರಡ್ ತಾಳಿಮರ ಒಂದಾದಂಗ್ ಕಂಡ್ರೆ ಅಲ್ಲೇ ಕಲ್ಲ್...”

ಗುಟ್ಟು ಜಾರಿತೆಂದು ಕಮಲಾಕ್ಷ ನಾಲಿಗೆ ಕಚ್ಚಿಕೊಂಡ. ಸಿಂಚನಾ ಬಾಯಿಗೆ ಕೈ ಅಡ್ಡ ಹಿಡಿದಳು. ಮುತ್ತು ತಲೆಯೆತ್ತದೆ ಸೂಜಿಗೆ ನೂಲು ಸುತ್ತುತ್ತಿದ್ದ.

“ಮುತ್ತು, ನೀ ಎಂತಾರೂ ಕೇಂಡ್ಯಾ?”

“ಎಂತ? ನಾ ರಾಕೆಟ್ ಕಾಂತಿದ್ದೆ.”

ಮೊಬೈಲಿನಲ್ಲಿ ಆಗಲೇ ಸೋಪಿನ ಜಾಹೀರಾತು ಬರುತ್ತಿತ್ತು.

ಮರುದಿನ ಬೆಳಿಗ್ಗೆ ಕಮಲಾಕ್ಷ ಗೋಣಿಚೀಲವನ್ನು ಮಡಚಿ ಅದರ ಮೇಲೆ ಕುಳಿತು, ಜಿಪಿಎಸ್ ಹಚ್ಚಿಯೇ ಹೊರಟ. ಅಳಿವೆ ದಾಟುವಾಗ ಮುಂದೆ ಮುತ್ತುವಿನ ದೋಣಿ ಕಂಡಿತು. ಬಡಗಿಗೆ, ಗಂಗೊಳ್ಳಿ ಕಡೆ ಹೋಗುತ್ತಿತ್ತು. ಮುತ್ತು ಎಂದೂ ಆ ಕಡೆ ಹೋದವನಲ್ಲ. ಕಮಲಾಕ್ಷನಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು. ತನ್ನ ಉಪಾಯವನ್ನೇ ತನ್ನೆದುರು ಆಡಿ ತೋರಿಸುವವನಿಗೆ ಏನನ್ನುವುದು?

ಅಂದು ಇಬ್ಬರ ಬುಟ್ಟಿಯಲ್ಲೂ ಮುರು ಇತ್ತಂತೆ. ಮುರು ಬೇರೆ ಕಡೆಯೂ ಸಿಗುತ್ತದೆ. ಮುತ್ತು ಕಲ್ಲಿನ ಗುರುತು ಕೇಳಿಸಿಕೊಂಡಿದ್ದನೋ ಇಲ್ಲವೋ, ಗೊತ್ತಿಲ್ಲ.