ಹುಳುಕಿಗೆ ಇನ್ನೊಂದು ವಾಕ್ಯ

“ಹಲ್ಲಿನದೋ, ಮರದ್ದೋ?” ಎಂದ ವಜೀಹ್, ಉಜ್ಜುಗೊರಡು ನಿಲ್ಲಿಸದೆ.

“ಎರಡೂ ಸಿಕ್ಕಿದೆ,” ಎಂದ ಲುತ್ಫಿ. “ಬೇರೆ ಬಳಕೆ ಇದ್ರೆ ಹೇಳು.”

ಬೆಳಿಗ್ಗೆಯಿಂದ ಲುತ್ಫಿ ದಮಿಯೆಟ್ಟಾದ ಬೀದಿಗಳಲ್ಲಿ ಈ ಒಂದೇ ಮಾತಿನ ಬೆನ್ನು ಹತ್ತಿದ್ದ. ಸೂಸ್, ಅಂದರೆ ಅರಬ್ಬಿಯಲ್ಲಿ ಹುಳುಕು. ಕಾಲೇಜಿನ ಆಡುಮಾತಿನ ನಿಘಂಟಿಗೆ ಜನರ ವಾಕ್ಯ ಅವರು ಆಡಿದ ಹಾಗೇ ಬೇಕಿತ್ತು. ಕಾಳಿನಂಗಡಿಯವಳು, “ನನ್ ಕಾಳಿಗೆ ಹುಳುಕು ಅಂದೋರ ನಾಲಿಗೆಗೇ ಹುಳುಕು ಹಿಡೀಲಿ!” ಎಂದಿದ್ದಳು. ಹಲ್ಲಿನ ವೈದ್ಯರು, “ಮೇಲೆ ಫಳಫಳ, ಒಳಗೆ ಟೊಳ್ಳು” ಎಂದಿದ್ದರು. ಅಷ್ಟು ಸಾಕಿತ್ತು. ಕಾಲು ಮಾತ್ರ ಈ ಬಡಗಿಖಾನೆಗೆ ಬಂದು ನಿಂತಿತು.

ಮೂರು ವರ್ಷದ ಹಿಂದೆ ಇಬ್ಬರದೂ ಕಾಲೇಜಿನಲ್ಲಿ ಎದುರುಬದುರು ಮೇಜು. ವಜೀಹ್ ಪಾಠದಲ್ಲಿ ಸಲ್ಲದ ಮಾತಾಡಿದನೆಂದು ದೂರು ಹೋಯಿತು. ಅಚ್ಚುಕಟ್ಟಾದ ಭಾಷೆ, ಒಂದೂ ತಪ್ಪಿಲ್ಲ. ಕೆಳಗೆ ಲುತ್ಫಿಯ ಸಹಿ. ಯಾರೂ ಒತ್ತಾಯಿಸಿರಲಿಲ್ಲ. ಬರೆದುಕೊಡು ಎಂದು ಮೇಲಿನವರು ಕೇಳಿದ್ದರು, ಅಷ್ಟೆ. ವಜೀಹ್ ಕೆಲಸ ಕಳೆದುಕೊಂಡು ಅಣ್ಣನ ಬಡಗಿಖಾನೆ ಸೇರಿದ. ಸಹಿ ಯಾರದೆಂದು ಅವನಿಗೆ ಗೊತ್ತೋ ಇಲ್ಲವೋ. ಇವತ್ತು ಹೇಳಿಬಿಡಬೇಕೆಂದುಕೊಂಡಿದ್ದ ಲುತ್ಫಿ.

“ಚಹಾ ಕುಡೀತೀಯಾ, ಉಸ್ತಾದ್?”

ಉಸ್ತಾದ್, ಮೇಷ್ಟ್ರೇ ಎಂಬ ದೂರದ ಮರ್ಯಾದೆ. ಹಿಂದೆ ‘ಲೋ’ ಎನ್ನುತ್ತಿದ್ದ.

“ಬೇಡ. ವಜೀಹ್, ನಾನು…”

“ಹ್ಞಾಂ?”

“ನಾನು ಈ ನಿಘಂಟಿನ ಚೀಟಿ ತುಂಬಿಸ್ಬೇಕಿತ್ತು.”

ವಜೀಹ್ ಒಂದು ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಪಕ್ಕಕ್ಕೆಸೆದ. “ಬರ್ಕೊ ಹಾಗಾದ್ರೆ. ‘ಅವ್ನು ನಮ್ಮನೇಲಿ ಉಂಡ, ನನ್ ಮಗಳನ್ನ ಮಡಿಲಲ್ಲಿ ಕೂರಿಸ್ಕೊಂಡು ಆಡಿಸ್ದ, ಒಳಗೊಳಗೇ ಹುಳುಕಿನ ಹಾಗೆ ಕೊರ್ದ.’”

ಲುತ್ಫಿಯ ಪೆನ್ನು ನಿಂತಿತು.

“ಬರಿ. ಜನ ಹಾಗೇ ಅಂತಾರೆ.”

“ಯಾರ ಬಗ್ಗೆ?”

“ನಿಘಂಟಿಗೆ ಅದೂ ಬೇಕಾ?”

ಲುತ್ಫಿ ಬರೆದ. ಒಂದಕ್ಷರ ಬಿಡಲಿಲ್ಲ. ಕೆಳಗೆ ಅಭ್ಯಾಸದಂತೆ ದಿನಾಂಕ, ಊರು, ಹೇಳಿದವರ ಹೆಸರು. “‘ಕೊರ್ದ’ ಅಂತೀಯೋ, ‘ಕೊರೆದು ಹಾಕ್ದ’ ಅಂತೀಯೋ?” ಎಂದೂ ಕೇಳಿದ. ತನ್ನ ದನಿ ಕೇಳಿ ತನಗೇ ಹೇಸಿಗೆಯಾಯಿತು.

ವಜೀಹ್ ಮೊದಲ ಸಲ ಮುಖವೆತ್ತಿ ನೋಡಿದ. ಸಿಟ್ಟಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

“ನಿನಗೆ ಹೆಂಗೆ ಅನುಕೂಲವೋ ಹಂಗೆ ಬರ್ಕೊ, ಉಸ್ತಾದ್.”

ಲುತ್ಫಿ ಹೊರಬಂದಾಗ ಇಕ್ಕಟ್ಟಾದ ಓಣಿಯಲ್ಲಿ ಅವನ ಮುಂದೆ ಕತ್ತೆಗಾಡಿಯೊಂದು ಹೊಸ ಬೀರು ಹೇರಿಕೊಂಡು ಹೊರಟಿತ್ತು. ದಾಟಿ ಹೋಗಲು ಜಾಗವಿಲ್ಲ. ಹಿಂದಕ್ಕೆ ಮುಖಮಾಡಿದ ಬೀರುವಿನ ಬಾಗಿಲಿಗೆ ಆಳೆತ್ತರದ ಕನ್ನಡಿ. ಅದರಲ್ಲಿ ಲುತ್ಫಿ ತನ್ನತ್ತಲೇ ನಡೆದು ಬರುತ್ತಿದ್ದ. ಗಾಡಿ ಗುಂಡಿಗಿಳಿದಾಗ ಬಾಗಿಲು ತೆರೆದುಕೊಂಡಿತು. ಅವನಿದ್ದ ಜಾಗದಲ್ಲಿ ಕತ್ತಲು, ಏನನ್ನೂ ತೂಗುಹಾಕದ ಒಂದು ಕೊಕ್ಕೆ. ಬಾಗಿಲು ಮುಚ್ಚಿತು, ಕನ್ನಡಿಯಲ್ಲಿ ಮತ್ತೆ ಅವನು. ಮತ್ತೆ ತೆರೆಯಿತು.

ಗಾಡಿಯವನು ತಿರುಗಿಯೂ ನೋಡಲಿಲ್ಲ. ಓಣಿ ಇನ್ನೂ ಉದ್ದವಿತ್ತು.