ಪ್ರೆಸಿಡೆಂಟರ ಬಾಗಿಲು

ಚನ್ನಪ್ಪ ಬ್ಲೇಡಿನಿಂದ ಉಡಿದಾರ ಕತ್ತರಿಸಿದಾಗ ಅದಕ್ಕೆ ಕಟ್ಟಿದ್ದ ಬೀಗದ ಕೈ ಸಿಮೆಂಟಿನ ನೆಲಕ್ಕೆ ಬಿತ್ತು. ತನಿಯಪ್ಪನ ಹೆಣಕ್ಕೆ ನೀರು ಹೊಯ್ಯುತ್ತಿದ್ದವರು ಕೈ ತಡೆದರು. ಕುವೈತಿಗೆ ಇರಾಕಿಗಳು ನುಗ್ಗಿದಂದಿನಿಂದ, ಒಂದೂವರೆ ತಿಂಗಳು, ಸುಲೈಬಿಯಾದ ಆ ಕ್ಯಾಂಪಿನ ಇಪ್ಪತ್ತೆರಡು ಜನರ ಅನ್ನ ಆ ಕೀಲಿಯ ಹಿಂದಿತ್ತು.

"ತಗೊಳ್ಳಿ ಚನ್ನಪ್ಪಣ್ಣ," ಎಂದ ಲತೀಶ. "ಇನ್ನು ಮೆಸ್ಸಿಗೆ ನೀವೇ ಪ್ರೆಸಿಡೆಂಟು. ಹನ್ನೊಂದು ವರ್ಷ ಕಾದದ್ದು ಸಾರ್ಥಕ ಆಯ್ತಲ್ಲ ಮಾರಾಯ್ರೆ."

"ಬಾಯಿ ಮುಚ್ಚೊ. ಹೆಣದ ಮುಂದ ಏನ್ ಮಾತಾಡ್ತಿ."

ಹಾಗೆಂದರೂ ಚನ್ನಪ್ಪ ಕೀಲಿ ಎತ್ತಿ ಜೇಬಿಗೆ ಹಾಕಿಕೊಂಡ. ಕಾದದ್ದು ಸುಳ್ಳಾಗಿರಲಿಲ್ಲ.

ಹೆಣವನ್ನು ಊರಿಗೆ ಕಳಿಸುವ ಮಾತಿರಲಿಲ್ಲ. ಬದುಕಿದ್ದವರೇ ಜೋರ್ಡಾನಿನ ಅಮ್ಮಾನಿಗೆ ಹೋಗುವ ಬಸ್ಸಿನ ಸರದಿ ಕಾಯುತ್ತಿದ್ದರು. ಕ್ಯಾಂಪಿನ ಹಿಂದಿನ ಮರಳಲ್ಲೇ ಮಣ್ಣು ಮಾಡುವುದೆಂದಾಯಿತು.

"ಚಟ್ಟಕ್ಕೆ ಇಲ್ಲಿ ಬಿದಿರೆಲ್ಲುಂಟು?" ಎಂದ ಲತೀಶ. "ಕಂಬಳಿಯಲ್ಲೇ ಹೊತ್ತುಕೊಂಡು ಹೋಗುವ."

ಚನ್ನಪ್ಪ ಸ್ಟೋರಿನ ಬಾಗಿಲಿನತ್ತ ತಿರುಗಿದ.

*

ಎಪ್ಪತ್ತೊಂಬತ್ತರ ಒಂದು ಶುಕ್ರವಾರ. ಆಗ ಪ್ರೆಸಿಡೆಂಟ್ ಚನ್ನಪ್ಪನೇ. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಮೆಸ್ಸಿನ ಸ್ಟೋರಿಗೆ ಬೀಗ. ಆ ಬಾಗಿಲು ಕೂರಿಸಿದವನೂ ಅವನೇ. ಶುವೈಖ್ ಬಂದರಿನಲ್ಲಿ ಲಾರಿಯ ಸರಕು ಇಳಿಸಿ ತಡವಾಗಿ ಬಂದ ಆರು ಜನಕ್ಕೆ ಅನ್ನವಿಲ್ಲವೆಂದ.

"ನಿಯಮ ಅಂದ್ರ ನಿಯಮ. ಖಲಾಸ್."

ತನಿಯಪ್ಪ ಜಗಳಕ್ಕೆ ನಿಲ್ಲಲಿಲ್ಲ. ಸ್ಕ್ರೂಡ್ರೈವರ್ ತಂದು ಬಾಗಿಲನ್ನೇ ಬಿಚ್ಚಿ ಅಂಗಳದಲ್ಲಿ ಮಲಗಿಸಿದ. ಅದರ ಮೇಲೆ ತಟ್ಟೆಯಿಟ್ಟು ಆರೂ ಜನಕ್ಕೆ ಬಡಿಸಿದ.

"ಇನ್ನು ಸ್ಟೋರಿಗೆ ಬಾಗಿಲಿಲ್ಲ. ಪ್ರೆಸಿಡೆಂಟು ವರ್ಷಕ್ಕೊಬ್ಬ," ಎಂದ. ಎಲ್ಲರೂ ಕೈ ಎತ್ತಿದರು, ಅವನೇ ಪ್ರೆಸಿಡೆಂಟಾದ.

ಮರುವರ್ಷ ಕೈ ಎತ್ತಲು ಯಾರನ್ನೂ ಕರೆಯಲಿಲ್ಲ. ಅದರ ಮರುವರ್ಷವೂ ಇಲ್ಲ. ಬಾಗಿಲು ಊಟದ ಹಲಗೆಯಾಗಿ ಅಂಗಳದಲ್ಲೇ ಉಳಿಯಿತು. ಈ ಆಗಸ್ಟಿನಲ್ಲಿ ಅಂಗಡಿಗಳು ಬರಿದಾದಾಗ ತನಿಯಪ್ಪ ಅದನ್ನು ಎತ್ತಿ ಮತ್ತೆ ಸ್ಟೋರಿಗೆ ಕೂರಿಸಿ, ಬೀಗ ಜಡಿದ.

"ನೀನೂ ನಾನೇ ಆದಿ ನೋಡು," ಎಂದು ಚನ್ನಪ್ಪ ಚುಚ್ಚಿದ್ದ.

"ಆದೆ," ಎಂದಿದ್ದ ತನಿಯಪ್ಪ. "ಬಾಗಿಲು ನಿಮ್ಮದೇ ಅಲ್ವಾ?"

*

ತನಿಯಪ್ಪನ ಹೆಂಡತಿ ಮೋಹಿನಿ ಮೆಸ್ಸಿನಲ್ಲಿ ಅಡುಗೆಯವಳು. ಆರಿದ ಒಲೆಯ ಪಕ್ಕ ಕೂತಿದ್ದಳು.

"ಈ ಕೀಲಿ ನೀವು ಇಟ್ಕೊಳ್ರಿ ತಂಗಿ," ಎಂದ ಚನ್ನಪ್ಪ.

"ಬೇಡಣ್ಣ. ಒಳಗೆ ಎಷ್ಟುಂಟು ಅಂತ ಅವರು ನನಗೂ ತೋರಿಸ್ಲಿಲ್ಲ. ದಿನಾ ಅಳೆದು ಕೊಡುವುದು, ಕೊನೆಗೆ ತಾವು ಬರೀ ಗಂಜಿತಿಳಿ ಕುಡಿದು ಮಲಗುವುದು. ಅಡಗಿಸಿಟ್ಟಿದ್ದಾರೆ ಅಂತ ಈ ಹುಡುಗರು ಹೇಳಿದ್ದು ನನಗೆ ಕೇಳ್ಲಿಲ್ವಾ?" ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ಇಟ್ಕೊಳ್ಳಿ. ನಾಳೆ ನಿಮಗೂ ಅದನ್ನೇ ಹೇಳ್ತಾರೆ."

ಚನ್ನಪ್ಪ ಕೀಲಿ ಹಿಡಿದುಕೊಂಡು ಸ್ಟೋರಿನ ಬಾಗಿಲಿಗೆ ಹೋದ.

"ಲತೀಶಾ, ಸ್ಕ್ರೂಡ್ರೈವರ್ ತಾರೊ."

ಬೀಗ ತೆಗೆದು ಚಿಲಕಕ್ಕೆ ಸಿಕ್ಕಿಸಿದ. ಕೀಲುಗಳ ಸ್ಕ್ರೂ ಒಂದೊಂದಾಗಿ ಬಿಚ್ಚಿದ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಅವನ ಕೈಗೆ ನೆನಪಿತ್ತು. ಬಾಗಿಲು ಕಳಚಿತು. ಒಳಗೆ ಒಂದೂವರೆ ಚೀಲ ಅಕ್ಕಿ, ಒಂದು ಡಬ್ಬಿ ಬೇಳೆ. ಬೇರೇನೂ ಇರಲಿಲ್ಲ. ಎಲ್ಲರೂ ಬಗ್ಗಿ ನೋಡಿದರು. ಲತೀಶ ಎರಡು ಸಲ ನೋಡಿದ.

"ಎಲ್ಲಾರೂ ನೋಡಿದ್ರಲ್ಲ? ಬರ್ರಿ, ಹೆಗಲು ಕೊಡ್ರಿ."

ತನಿಯಪ್ಪನನ್ನು ಬಾಗಿಲ ಮೇಲೆ ಮಲಗಿಸಿ ನಾಲ್ವರು ಹೊತ್ತರು. ಮುಂದೆ ಎಡಕ್ಕೆ ಚನ್ನಪ್ಪ, ಬಲಕ್ಕೆ ಲತೀಶ. ಹಿಂದೆ ಉಳಿದ ಸ್ಟೋರಿನ ಬರಿಚೌಕಟ್ಟಿನೊಳಗೆ ಮೋಹಿನಿ ಎಲ್ಲರಿಗೂ ಕಾಣುವಂತೆ ಕೂತು ಅಕ್ಕಿ ಅಳೆಯತೊಡಗಿದ್ದಳು. ಚಿಲಕದಲ್ಲಿ ತೂಗುತ್ತಿದ್ದ ಬೀಗ, ಬಾಯಿ ತೆರೆದುಕೊಂಡೇ, ಹೆಜ್ಜೆಗೊಮ್ಮೆ ಹಲಗೆಗೆ ತಾಗಿ ಟಕ್ ಟಕ್ ಎನ್ನುತ್ತ ಮರಳಿನತ್ತ ಹೋಯಿತು.